ಹನಿ ಎಣಿಸಿ ಬಳಸಿ: ಮನೆಯಲ್ಲಿ ಸುಗಂಧ ತೈಲಗಳ ಬಳಕೆಗೊಂದು ಮಾರ್ಗದರ್ಶಿ

ಹಿಂದಿನ ಮಾಗಿಯ ಚಳಿಯಲ್ಲಿ ನನ್ನ ತಾಯಿಯವರು ಮಂಡಿನೋವು ತಡೆಯಲಾರದೆ ನೀಲಗಿರಿ ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಅಂಗೈಗೆ ಸುರಿದುಕೊಂಡು, ಎರಡೂ ಮಂಡಿಗಳಿಗೆ ಚೆನ್ನಾಗಿ ತಿಕ್ಕಿ, ಮೇಲೆ ಉಣ್ಣೆಯ ಬಟ್ಟೆ ಸುತ್ತಿ ಮಲಗಿದರು. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಚರ್ಮ ಕೆಂಪಗೆ ಊದಿಕೊಂಡಿತ್ತು, ಅಲ್ಲಲ್ಲಿ ಸಣ್ಣ ಬೊಬ್ಬೆಗಳೂ ಎದ್ದಿದ್ದವು. ಹರಳೆಣ್ಣೆ, ಕೊಬ್ಬರಿ ಎಣ್ಣೆಗಳ ಹಾಗೆ ಇದೂ ಒಂದು ಎಣ್ಣೆ ಎಂದು ಅವರು ಭಾವಿಸಿದ್ದರು; ಹಾಗೆ ಭಾವಿಸುವವರು ಮೈಸೂರು, ಮಂಡ್ಯದ ಕಡೆಯ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಸುಗಂಧ ತೈಲಗಳನ್ನು ನಾನು ಹಲವು ವರ್ಷಗಳಿಂದ ಪ್ರೀತಿಯಿಂದ ಬಳಸುತ್ತ ಬಂದಿದ್ದೇನೆ. ಅವು ದಿನದ ದಣಿವನ್ನು ಇಳಿಸಬಲ್ಲವು, ನಿದ್ದೆಗೆ ಮನಸ್ಸನ್ನು ಅಣಿಗೊಳಿಸಬಲ್ಲವು, ಮಳೆಗಾಲದ ಮುಗ್ಗಲು ವಾಸನೆಯ ಕೋಣೆಯನ್ನು ಹಸನಾಗಿಸಬಲ್ಲವು. ಆದರೆ ಇವೆಲ್ಲವೂ ಅಳತೆಯ ಮೇಲೆ ನಿಂತಿವೆ. ಆ ಅಳತೆಯನ್ನು ಮನೆಯಲ್ಲಿ ಪಾಲಿಸುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಎಣ್ಣೆಯ ಸ್ವಭಾವ ತಿಳಿಯಿರಿ

ಅಂಗಡಿಯಲ್ಲಿ ಎಸೆನ್ಶಿಯಲ್ ಆಯಿಲ್ ಎಂದು ಕರೆಯುವ ಈ ದ್ರವದಲ್ಲಿ ಅಡುಗೆ ಎಣ್ಣೆಯಲ್ಲಿರುವಂಥ ಜಿಡ್ಡು ಇರುವುದಿಲ್ಲ. ಎಲೆ, ಹೂವು, ಬೇರು ಅಥವಾ ಮರದ ಚೇಗನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರೆಯಾಗಿ ನಿಲ್ಲುವ ಪರಿಮಳದ ಸಾರವೇ ಇದು. ನಿಂಬೆ, ಕಿತ್ತಳೆಗಳ ತೈಲವನ್ನು ಮಾತ್ರ ಸಾಮಾನ್ಯವಾಗಿ ಸಿಪ್ಪೆಯನ್ನು ಹಿಂಡಿ ತೆಗೆಯುತ್ತಾರೆ. ಮಲ್ಲಿಗೆಯಂಥ ನವಿರಾದ ಹೂವು ಹಬೆಯ ಬಿಸಿಯನ್ನು ತಾಳದ ಕಾರಣ ಅದರ ಸಾರವನ್ನು ದ್ರಾವಕದ ಮೂಲಕ ಪಡೆಯಬೇಕಾಗುತ್ತದೆ. ಆದ್ದರಿಂದ ಹಬೆಯಲ್ಲಿ ಬಟ್ಟಿ ಇಳಿಸಿದ ಶುದ್ಧ ಮಲ್ಲಿಗೆ ಎಣ್ಣೆ ಎಂದು ಯಾರಾದರೂ ಮಾರಿದರೆ ಅನುಮಾನಿಸುವುದಕ್ಕೆ ಕಾರಣವಿದೆ. ಒಂದು ಕಿಲೋ ಗುಲಾಬಿ ತೈಲಕ್ಕೆ ಟನ್‌ಗಟ್ಟಲೆ ಹೂವಿನ ಪಕಳೆ ಬೇಕು ಎಂಬುದನ್ನು ನೆನೆದರೆ ಒಂದು ಹನಿಯಲ್ಲಿ ಎಷ್ಟು ಗಿಡದ ಸತ್ವ ಅಡಗಿದೆ ಎಂಬುದು ಮನಸ್ಸಿಗೆ ಬರುತ್ತದೆ.

ಮೈಸೂರಿನವರಾದ ನಮಗೆ ಬಟ್ಟಿ ಇಳಿಸುವ ವಿದ್ಯೆ ಹೊಸದಲ್ಲ. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಯೂರೋಪಿಗೆ ಶ್ರೀಗಂಧದ ಮರ ಸಾಗಿಸುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916-17ರ ವೇಳೆಗೆ ಸಂಸ್ಥಾನವೇ ಗಂಧದೆಣ್ಣೆಯನ್ನು ತಯಾರಿಸತೊಡಗಿತು. ಪರಿಮಳದ ತೈಲಗಳಿಂದ ಉಪಚರಿಸುವ ಪದ್ಧತಿಗೆ ಹೇಳುವ ಅರೋಮಾಥೆರಪಿ ಎಂಬ ಪದವಾದರೋ ಅದಕ್ಕಿಂತ ಈಚಿನದು; ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೋರಿಸ್ ಗಾತ್‌ಫೋಸೆ 1937ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಹರಡಿತು.

ಮೂಗಿನ ಒಳಗಿನ ಘ್ರಾಣ ನರಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳನ್ನು ನಿಭಾಯಿಸುವ ಭಾಗಗಳಿಗೆ ಬಹಳ ಹತ್ತಿರದ ಸಂಪರ್ಕ ಹೊಂದಿವೆ. ದವನದ ಒಂದು ಕುಡಿ ಮೂಗಿಗೆ ತಾಕಿದೊಡನೆ ಎಂದೋ ನೋಡಿದ ತೇರು ಕಣ್ಣ ಮುಂದೆ ಬರುವುದು ಇದರಿಂದಲೇ. ಅದೇ ಮೂಗು ಒಂದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಆಗ ನಮಗೆ ಪರಿಮಳ ತೀರಿತು ಅನ್ನಿಸುತ್ತದೆ, ಹೊರಗಿನಿಂದ ಬಂದವರಿಗೆ ಕೋಣೆ ಘಮ್ಮೆನ್ನುತ್ತಿರುತ್ತದೆ. ಇನ್ನೂ ಎರಡು ಹನಿ, ಮತ್ತೂ ಎರಡು ಹನಿ ಎಂದು ಹಾಕುತ್ತ ಹೋಗಿ ಕೊನೆಗೆ ತಲೆನೋವು ತಂದುಕೊಳ್ಳುವವರೆಲ್ಲ ಈ ಒಂದು ಸಂಗತಿ ತಿಳಿಯದೆ ಹಾಗೆ ಮಾಡುತ್ತಾರೆ.

ಇನ್ನೊಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಲಾವೆಂಡರ್ ಪರಿಮಳದಿಂದ ಆತಂಕ ಕೊಂಚ ತಗ್ಗುತ್ತದೆ, ತೆಳುಮಾಡಿ ಹಣೆಗೆ ಹಚ್ಚಿದ ಪುದೀನ ಜಾತಿಯ ಪೆಪ್ಪರ್‌ಮಿಂಟ್ ತೈಲದಿಂದ ಒತ್ತಡದ ತಲೆನೋವಿಗೆ ಉಪಶಮನ ಸಿಗುತ್ತದೆ ಎಂಬಷ್ಟಕ್ಕೆ ಅಧ್ಯಯನಗಳ ಬೆಂಬಲವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಖಿನ್ನತೆ ಇವುಗಳನ್ನು ವಾಸಿಮಾಡುವ ತೈಲ ಯಾವುದೂ ಇಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಟ್ಟು ಇದನ್ನು ಹಿಡಿಯಬಾರದು.

ಕೊಳ್ಳುವಾಗ ನೋಡಬೇಕಾದದ್ದು

ಮೈಸೂರಿನ ಮಾರುಕಟ್ಟೆ ಬೀದಿಗಳಲ್ಲಿ ಬಣ್ಣಬಣ್ಣದ ಗಾಜಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟು, ಹೋಗಿ ಬರುವವರ ಮಣಿಕಟ್ಟಿಗೆ ಒಂದೊಂದು ತೊಟ್ಟು ತಿಕ್ಕಿ ಕೊಳ್ಳಿರೆಂದು ಕರೆಯುವುದನ್ನು ನೀವೂ ನೋಡಿರುತ್ತೀರಿ. ಒಮ್ಮೆ ನಾನೂ ಅಂಥ ಒಂದು ಅಂಗಡಿಯಲ್ಲಿ ತಾವರೆ ಹೂವಿನ ಶುದ್ಧ ತೈಲವೆಂದು ಒಂದು ಬಾಟಲಿ ಕೊಂಡುಕೊಂಡೆ. ಎರಡು ವಾರಗಳ ನಂತರ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಮಾರನೆಯ ದಿನ ನೋಡಿದರೆ ದೋಸೆಯ ಕಾವಲಿ ಒರೆಸಿದ ಹಾಗೆ ಅಗಲವಾದ ಜಿಡ್ಡಿನ ಕಲೆ ನಿಂತಿತ್ತು. ಅಗ್ಗದ ಎಣ್ಣೆಗೆ ಕೃತಕ ಸೆಂಟು ಬೆರೆಸಿದ್ದು ಎಂದು ಅದರಿಂದ ತಿಳಿಯಿತು. ಲಾವೆಂಡರ್, ನೀಲಗಿರಿ, ನಿಂಬೆಹುಲ್ಲು ಇಂಥ ತೆಳು ತೈಲಗಳು ಶುದ್ಧವಾಗಿದ್ದರೆ ಬಹುಮಟ್ಟಿಗೆ ಆರಿಹೋಗುತ್ತವೆ. ಶ್ರೀಗಂಧ, ಲಾವಂಚಗಳಂಥ ಮಂದ ತೈಲಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಏಕೆಂದರೆ ಅವು ಶುದ್ಧವಾಗಿದ್ದರೂ ಬಹಳ ಕಾಲ ಕಾಗದದಲ್ಲಿ ಉಳಿಯುತ್ತವೆ. ಸಸ್ಯಮೂಲವಲ್ಲದ ಸೆಂಟು ಕೂಡ ಆರಬಲ್ಲದು. ಆದ್ದರಿಂದ ಕಲೆ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ತೈಲ ಶುದ್ಧವೆಂದು ತೀರ್ಮಾನಿಸಬೇಡಿ.

ಬಾಟಲಿಯ ಚೀಟಿಯಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು, ಗಿಡದ ಯಾವ ಭಾಗದಿಂದ ತೆಗೆದದ್ದು, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಇವಿಷ್ಟೂ ಇರಬೇಕು. ಶ್ರೀಗಂಧವಾದರೆ ಸ್ಯಾಂಟಲಮ್ ಆಲ್ಬಮ್ ಎಂದಿರಬೇಕು; ಬರಿಯ ‘ಸ್ಯಾಂಡಲ್ ಆಯಿಲ್’ ಎಂದಿದ್ದರೆ ಅದು ಏನೂ ಆಗಿರಬಹುದು. ಗಂಧದೆಣ್ಣೆ ಎಷ್ಟು ದುಬಾರಿಯೆಂದರೆ 10 ಮಿಲಿ ಬಾಟಲಿಗೆ ನೂರಿನ್ನೂರು ರೂಪಾಯಿ ಕೇಳಿದರೆ ಅದು ಶುದ್ಧವಾಗಿರಲು ಸಾಧ್ಯವೇ ಇಲ್ಲ. ನಮ್ಮ ಬಯಲುಗಳಲ್ಲಿ ಬೆಳೆದಿರುವ ನೀಲಗಿರಿ ಮರಕ್ಕೂ ಊಟಿಯ ಕಡೆ ಎಣ್ಣೆ ಇಳಿಸುವ ನೀಲಗಿರಿ ಮರಕ್ಕೂ ಜಾತಿಯಲ್ಲಿ ವ್ಯತ್ಯಾಸವಿದೆ. ಊಟಿಯದು ಯೂಕಲಿಪ್ಟಸ್ ಗ್ಲಾಬುಲಸ್. ಇಷ್ಟು ಸೂಕ್ಷ್ಮ ನಿಮಗೆ ಬೇಡವೆನಿಸಿದರೂ, ಬಣ್ಣದ ಗಾಜಿನ ಬಾಟಲಿ ಮತ್ತು ಅದರ ಕತ್ತಿನಲ್ಲಿ ಒಂದೊಂದೇ ಹನಿ ಬೀಳಿಸುವ ಮುಚ್ಚಳ ಇರುವುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಆ ಮುಚ್ಚಳವಿಲ್ಲದಿದ್ದರೆ ಹನಿ ಎಣಿಸುವುದು ಆಗದು, ಮಕ್ಕಳ ಕೈಗೆ ಸಿಕ್ಕರೆ ಒಂದೇ ಗುಟುಕಿಗೆ ಬಾಯಿಗೆ ಹೋಗುವ ಅಪಾಯವೂ ಇದೆ.

ಆರಂಭಕ್ಕೆ ಲಾವೆಂಡರ್, ನೀಲಗಿರಿ, ನಿಂಬೆಹುಲ್ಲು ಈ ಮೂರು ಸಾಕು. ಒಂದನ್ನು ತಂದು ಒಂದು ತಿಂಗಳು ಬಳಸಿ, ಮನೆಯ ಎಲ್ಲರಿಗೂ ಒಗ್ಗುತ್ತದೆಯೇ ನೋಡಿ ಇನ್ನೊಂದನ್ನು ತರುವುದು ನನ್ನ ಪದ್ಧತಿ.

ಬೆರೆಸುವ ಲೆಕ್ಕ

ಸುಗಂಧ ತೈಲವನ್ನು ಎಂದೂ ನೇರವಾಗಿ ಮೈಗೆ ಹಚ್ಚಬಾರದು. ಗಾಣದ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು. ಸುಮಾರು 20 ಹನಿಗೆ 1 ಮಿಲಿ ಎಂಬುದು ಸಾಮಾನ್ಯ ಲೆಕ್ಕ. ಹಾಗಾಗಿ 30 ಮಿಲಿ ಎಳ್ಳೆಣ್ಣೆಗೆ 6 ಹನಿ ಹಾಕಿದರೆ ಶೇಕಡಾ 1ರ ಮಿಶ್ರಣವಾಗುತ್ತದೆ, 12 ಹನಿ ಹಾಕಿದರೆ ಶೇಕಡಾ 2. ಮುಖಕ್ಕೆ ಹಚ್ಚುವ ಮಿಶ್ರಣವಾದರೆ 30 ಮಿಲಿಗೆ 3 ಹನಿಯೇ ಸಾಕು. ವಯಸ್ಸಾದವರಿಗೆ ಮತ್ತು ಸೂಕ್ಷ್ಮ ಚರ್ಮದವರಿಗೆ ಶೇಕಡಾ 1ನ್ನು ಮೀರಬಾರದು. ಆರೋಗ್ಯವಂತ ವಯಸ್ಕರ ಮೈಕೈ ನೋವಿಗೆ ಶೇಕಡಾ 2ರವರೆಗೆ ಹೋಗಬಹುದು. ಮಾತ್ರೆ ಎಣಿಸುವಷ್ಟೇ ಎಚ್ಚರದಿಂದ ಈ ಹನಿಗಳನ್ನೂ ಎಣಿಸಬೇಕು.

ಆ ಬೊಬ್ಬೆಗಳು ಮಾಗಿದ ಮೇಲೆ ನಾನು ಅಮ್ಮನಿಗಾಗಿ ಮಿಶ್ರಣ ಮಾಡಿದ್ದು ಹೀಗೆ. 30 ಮಿಲಿಯ ಕಂದು ಗಾಜಿನ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಒಳಗೆ ನೀರಿನ ಪಸೆಯೂ ಉಳಿಯದಂತೆ ಇಡೀ ದಿನ ಬೋರಲು ಹಾಕಿ ಒಣಗಿಸಿದೆ. ಬಾಟಲಿಯ ಕತ್ತಿನವರೆಗೆ ಎಳ್ಳೆಣ್ಣೆ ಸುರಿದು, ಮೇಲೆ ಲಾವೆಂಡರ್ 4 ಹನಿ, ನೀಲಗಿರಿ 2 ಹನಿ ಬಿಟ್ಟೆ. ಬಾಟಲಿಯನ್ನು ಓರೆಯಾಗಿ ಹಿಡಿದು ಕಾದರೆ ಹನಿ ತಾನಾಗಿ ಒಂದೊಂದೇ ಬೀಳುತ್ತದೆ; ಅವಸರಪಟ್ಟು ಕುಲುಕಿದರೆ ಎರಡು ಮೂರು ಒಟ್ಟಿಗೆ ಜಾರಿ ಲೆಕ್ಕ ತಪ್ಪುತ್ತದೆ. ಮುಚ್ಚಳ ಬಿಗಿದು ಎರಡು ಅಂಗೈಗಳ ನಡುವೆ ಮಜ್ಜಿಗೆಯ ಕಡೆಗೋಲಿನಂತೆ ಹೊರಳಿಸಿದೆ. ಪಕ್ಕದಲ್ಲಿ ಕುಳಿತಿದ್ದ ಅಮ್ಮ ಮೂಸಿ ನೋಡಿ, “ವಾಸನೇನೇ ಬರ್ತಿಲ್ವಲ್ಲೇ, ಇನ್ನೆರಡು ಹನಿ ಹಾಕು” ಎಂದರು. “ಇಷ್ಟೇ ಅಮ್ಮ, ಇವತ್ತು ರಾತ್ರಿ ಹಚ್ಚಿ ನೋಡಿ” ಎಂದು ಹೇಳಿ ಬಾಟಲಿಯ ಮೇಲೆ ಚೀಟಿ ಅಂಟಿಸಿ, ಒಳಗೇನಿದೆ, ಎಷ್ಟು ಹನಿ, ಯಾವ ದಿನ ಬೆರೆಸಿದ್ದು ಎಂದು ಬರೆದಿಟ್ಟೆ. ಎಣ್ಣೆಗಿಂತ ಹೆಚ್ಚಾಗಿ ಪ್ರತಿ ರಾತ್ರಿ ಹತ್ತು ನಿಮಿಷ ಯಾರಾದರೂ ಕುಳಿತು ಕಾಲು ಒತ್ತಿದ್ದರಿಂದ ಅವರಿಗೆ ಹಿತವಾಗಿರಬಹುದು. ಹಾಗಿದ್ದರೂ ನನಗೆ ಸಂತೋಷವೇ.

ಹೊಸ ಮಿಶ್ರಣ ಯಾವುದಾದರೂ ಸರಿ, ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಎಳ್ಳುಕಾಳಿನಷ್ಟು ಜಾಗಕ್ಕೆ ಹಚ್ಚಿ, 24ರಿಂದ 48 ಗಂಟೆ ಕಾಯಿರಿ. ತುರಿಕೆ, ಉರಿ, ಕೆಂಪು ಕಂಡರೆ ಅಡುಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸೋಪು ನೀರಿನಿಂದ ತೊಳೆದು, ಆ ತೈಲವನ್ನು ಕೈಬಿಡಿ. ನಿಂಬೆ, ಬರ್ಗಮಾಟ್ ಜಾತಿಯ ಹಿಂಡಿದ ತೈಲಗಳನ್ನು ಹಚ್ಚಿದ ಜಾಗಕ್ಕೆ 12 ಗಂಟೆಯಾದರೂ ಬಿಸಿಲು ಬೀಳಬಾರದು. ಬಿದ್ದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ನಿಲ್ಲಬಹುದು. ಚೈತ್ರ, ವೈಶಾಖದ ಮಂಡ್ಯದ ಬಿಸಿಲಿನಲ್ಲಿ ಗದ್ದೆಗೆ ಹೋಗುವವರು, ಸ್ಕೂಟರಿನಲ್ಲಿ ಓಡಾಡುವವರು ಇವುಗಳನ್ನು ಹಚ್ಚದಿರುವುದೇ ಲೇಸು. ದಾಲ್ಚಿನ್ನಿ, ಲವಂಗ, ನಿಂಬೆಹುಲ್ಲು ಇವು ಚರ್ಮವನ್ನು ಬೇಗ ಕೆರಳಿಸುವುದರಿಂದ ಅವನ್ನು ಕೋಣೆಗೆ ಮೀಸಲಿಟ್ಟರೆ ಒಳ್ಳೆಯದು. ವಿಂಟರ್‌ಗ್ರೀನ್ ತೈಲದಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಎಂಬ ಆಸ್ಪಿರಿನ್ ಜಾತಿಯ ರಾಸಾಯನಿಕ ಇರುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಬಾರದು.

ಕೋಣೆಯಲ್ಲಿ, ಸ್ನಾನದಲ್ಲಿ

ನೀರಿನೊಡನೆ ಪರಿಮಳವನ್ನು ಗಾಳಿಗೆ ಹರಡುವ ಡಿಫ್ಯೂಸರ್ ಎಂಬ ಉಪಕರಣ ಇದ್ದರೆ ಅದರ ನೀರಿಗೆ 3ರಿಂದ 5 ಹನಿ ಹಾಕಿ, ಕಿಟಕಿಯ ಒಂದು ಬಾಗಿಲನ್ನು ತೆರೆದಿಟ್ಟು, ಅರ್ಧ ಗಂಟೆಯಿಂದ ಒಂದು ಗಂಟೆ ನಡೆಸಿ ಆರಿಸಿಬಿಡಿ. ರಾತ್ರಿಯಿಡೀ ಹಚ್ಚಿಟ್ಟು ಮಲಗಬೇಕಾಗಿಲ್ಲ. ಡಿಫ್ಯೂಸರ್ ಕೊಳ್ಳಲೇಬೇಕೆಂದೂ ಇಲ್ಲ; ತಟ್ಟೆಯ ಮೇಲೆ ಹತ್ತಿಯ ಉಂಡೆಯಿಟ್ಟು ಎರಡು ಹನಿ ಲಾವೆಂಡರ್ ಬಿಟ್ಟು, ಹಾಸಿಗೆಯಿಂದ ನಾಲ್ಕು ಅಡಿ ದೂರದ ಮೇಜಿನ ಮೇಲೆ ಇಟ್ಟರೆ ಮಲಗುವ ಹೊತ್ತಿಗೆ ಬೇಕಾದಷ್ಟು ಪರಿಮಳ ಸಿಗುತ್ತದೆ. ನಿದ್ದೆ ಬಾರದವರಿಗೆ ನಾನು ಹೇಳುವ ಕ್ರಮವೆಂದರೆ, ಮಲಗುವ ಅರ್ಧ ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ದೀಪ ಮಂಕಾಗಿಸಿ, ಪ್ರತಿದಿನ ಅದೇ ಹೊತ್ತಿಗೆ ಅದೇ ಪರಿಮಳವನ್ನು ಬಳಸುವುದು. ಕೆಲವು ವಾರಗಳಲ್ಲಿ ಆ ಪರಿಮಳವೇ ಮನಸ್ಸಿಗೆ ಮಲಗುವ ಸೂಚನೆಯಾಗುತ್ತದೆ.

ಸಾಂಬ್ರಾಣಿ, ಊದುಬತ್ತಿಗಳ ಹೊಗೆಯನ್ನೂ ಈ ಪರಿಮಳವನ್ನೂ ಒಂದೇ ಎಂದು ತಿಳಿಯಬಾರದು. ಮೈಸೂರಿನ ಊದುಬತ್ತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ನಮ್ಮ ಮನೆಯ ಪೂಜೆಯೂ ಅದಿಲ್ಲದೆ ಮುಗಿಯುವುದಿಲ್ಲ. ಆದರೂ ಏನೇ ಉರಿದರೂ ಹೊಗೆಯ ಸಣ್ಣ ಕಣಗಳು ಶ್ವಾಸಕೋಶಕ್ಕೆ ಸೇರುತ್ತವೆ. ಉಬ್ಬಸದವರು, ಬಾಣಂತಿ, ಹಸುಗೂಸು ಇರುವ ಕೋಣೆಯಲ್ಲಿ ಹೊಗೆ ಹಾಕದಿರುವುದು ಒಳ್ಳೆಯದು. ದೇವರ ದೀಪದ ಎಣ್ಣೆಗೆ ಸುಗಂಧ ತೈಲ ಬೆರೆಸುವ ಅಭ್ಯಾಸವೊಂದು ಈಚೆಗೆ ಶುರುವಾಗಿದೆ. ಈ ತೈಲಗಳು ಬೇಗ ಬೆಂಕಿ ಹಿಡಿಯುವಂಥವು, ದಯವಿಟ್ಟು ಹಾಗೆ ಮಾಡಬೇಡಿ.

ಸ್ನಾನದ ವಿಷಯದಲ್ಲಿ ನಮ್ಮ ಮನೆಗಳಿಗೆ ತಕ್ಕ ಸಲಹೆ ಬೇರೆಯೇ ಬೇಕು. ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುವವರಿಗಾಗಿ ಬರೆದ ಸೂಚನೆಗಳನ್ನು ಓದಿ ಬಕೆಟ್ಟಿಗೆ ನಾಲ್ಕು ಹನಿ ಬಿಟ್ಟರೆ, ಎಣ್ಣೆ ನೀರಿನ ಮೇಲೆ ತೇಲುತ್ತ ನಿಂತು ಮೊದಲ ಚೊಂಬಿನ ನೀರಿನಲ್ಲೇ ಎಲ್ಲವೂ ಹಸಿಯಾಗಿ ಹೆಗಲ ಮೇಲೆ ಬೀಳುತ್ತದೆ. ಅದರ ಬದಲು ಶನಿವಾರದ ಎಣ್ಣೆಸ್ನಾನದಂದು ಮೇಲೆ ಹೇಳಿದ ಶೇಕಡಾ 1ರ ಮಿಶ್ರಣವನ್ನೇ ಮೈಗೆ ತಿಕ್ಕಿ, ಇಪ್ಪತ್ತು ನಿಮಿಷ ಬಿಟ್ಟು, ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ತೊಳೆದುಕೊಳ್ಳಿ. ಬಚ್ಚಲ ನೆಲ ಜಾರುತ್ತದೆ. ಹಿರಿಯರಿದ್ದರೆ ಒಬ್ಬರು ಕೈ ಹಿಡಿದುಕೊಳ್ಳಬೇಕು.

ನೆಗಡಿಗೆ ಹಬೆ ತೆಗೆದುಕೊಳ್ಳುವ ವಯಸ್ಕರು ಒಲೆಯಿಂದ ಇಳಿಸಿದ ನೀರನ್ನು ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ, ಗಟ್ಟಿಯಾದ ಮೇಜಿನ ಮೇಲಿಟ್ಟು, ಒಂದೇ ಹನಿ ನೀಲಗಿರಿ ಹಾಕಿ, ಕಣ್ಣು ಮುಚ್ಚಿ ಐದು ನಿಮಿಷ ಉಸಿರಾಡಿದರೆ ಸಾಕು. ಮಕ್ಕಳಿಗೆ ಈ ಕ್ರಮ ಬೇಡವೇ ಬೇಡ. ಪಾತ್ರೆ ಮಗುಚಿ ಸುಟ್ಟ ಗಾಯಗಳಾಗುತ್ತವೆ. ನೆಲ ಒರೆಸಲು ಒಂದು ಚಮಚ ಪಾತ್ರೆ ತೊಳೆಯುವ ದ್ರಾವಣಕ್ಕೆ ಐದಾರು ಹನಿ ನಿಂಬೆಹುಲ್ಲಿನ ತೈಲ ಬೆರೆಸಿ, ಆಮೇಲೆ ಬಕೆಟ್ಟಿಗೆ ಹಾಕಿ. ಆಷಾಢದ ಮುಗ್ಗಲು ವಾಸನೆ ಹೋಗುತ್ತದೆ.

ಸೊಳ್ಳೆಯ ಬಗ್ಗೆ ಕೇಳುವವರು ಬಹಳ. ನಾಲೆಯ ಬಯಲಿನ ಊರುಗಳಲ್ಲಿ ಸಂಜೆಯಾದರೆ ಸೊಳ್ಳೆಯ ಕಾಟ ಹೇಳತೀರದು. ನಿಂಬೆಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಹುಲ್ಲಿನ ತೈಲ ಸೊಳ್ಳೆಯನ್ನು ದೂರವಿಡುವುದು ನಿಜ, ಆದರೆ ಬೇಗ ಆವಿಯಾಗುವುದರಿಂದ ಅದರ ಪ್ರಭಾವ ಹೆಚ್ಚು ಹೊತ್ತು ನಿಲ್ಲದು. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲೇ ಕಚ್ಚುತ್ತದೆ. ಸೊಳ್ಳೆಪರದೆ, ಮೈ ಮುಚ್ಚುವ ಬಟ್ಟೆ, ನಿಂತ ನೀರನ್ನು ಚೆಲ್ಲುವುದು ಇವನ್ನು ಬಿಟ್ಟು ತೈಲವೊಂದನ್ನೇ ನೆಚ್ಚಿ ಕೂರಬೇಡಿ.

ಮಕ್ಕಳು, ಗರ್ಭಿಣಿಯರು ಮತ್ತು ಎಚ್ಚರ ಬೇಕಾದವರು

ಈ ಭಾಗವನ್ನು ದಯವಿಟ್ಟು ಎರಡು ಬಾರಿ ಓದಿ. ಕೂಸಿಗೆ ಮೂಗು ಕಟ್ಟಿದಾಗ ಕರ್ಪೂರವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎದೆಗೆ ಹಚ್ಚುವುದು, ತೊಟ್ಟಿಲಿಗೆ ನೀಲಗಿರಿ ಎಣ್ಣೆಯ ಕರವಸ್ತ್ರ ಕಟ್ಟುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಕರ್ಪೂರ ಹಸುಗೂಸಿನ ಚರ್ಮದ ಮೂಲಕ ಒಳಸೇರಿ ಅಥವಾ ಬಾಯಿಗೆ ಹೋಗಿ ಫಿಟ್ಸ್ ತರಬಲ್ಲದು. ನೀಲಗಿರಿ, ಪೆಪ್ಪರ್‌ಮಿಂಟ್ ತೈಲಗಳು ಎಳೆಯ ಮಕ್ಕಳ ಮುಖದ ಹತ್ತಿರ ಬಂದರೆ ಉಸಿರಾಟಕ್ಕೆ ತೊಂದರೆಯಾಗಬಹುದು. ನೀಲಗಿರಿ ಎಣ್ಣೆ ಕೆಲವೇ ಮಿಲಿ ಹೊಟ್ಟೆಗೆ ಹೋದರೂ ಮಗುವಿಗೆ ವಿಷವಾಗುತ್ತದೆ. ಮನೆಯ ಅಜ್ಜಿಗೆ ಇದನ್ನು ತಿಳಿಸುವಾಗ ಅವರ ಅನುಭವವನ್ನು ಹಗುರವಾಗಿ ಕಾಣದೆ ಮೆಲ್ಲಗೆ ತಿಳಿಸಿ. ಕೂಸಿನ ಕಟ್ಟಿದ ಮೂಗಿಗೆ ಮಕ್ಕಳ ವೈದ್ಯರು ಸೂಚಿಸುವ ಉಪ್ಪುನೀರಿನ ಹನಿಗಳು ಸಾಕಾಗುತ್ತವೆ ಎಂದು ಹೇಳಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂರ್ಛೆರೋಗ ಅಥವಾ ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಯಾವ ತೈಲವನ್ನೂ ಬಳಸಬಾರದು. ಬೆಕ್ಕು ಸಾಕಿದವರು ಟೀ ಟ್ರೀ ಎಂಬ ಆಸ್ಟ್ರೇಲಿಯಾದ ಗಿಡದ ತೈಲವನ್ನು ಮನೆಗೆ ತರದಿರುವುದು ಕ್ಷೇಮ. ಬೆಕ್ಕಿನ ದೇಹ ಅದನ್ನು ಅರಗಿಸಿಕೊಳ್ಳಲಾರದು. ನೀರಿಗೆ, ಚಹಾಕ್ಕೆ, ಜೇನುತುಪ್ಪಕ್ಕೆ ಹನಿ ಹಾಕಿ ಕುಡಿಯಿರೆಂದು ಹೇಳುವ ವಿಡಿಯೊಗಳನ್ನು ನಂಬಬೇಡಿ. ನಿಂಬೆಹುಲ್ಲಿನ ರುಚಿ ಬೇಕಾದರೆ ಹಿತ್ತಲಿನ ನಾಲ್ಕು ಗರಿ ಕುದಿಸಿ ಕಷಾಯ ಮಾಡಿ ಕುಡಿಯಿರಿ, ಅದರಲ್ಲಿ ಹೆದರುವಂಥದ್ದೇನೂ ಇಲ್ಲ.

ಇಡುವ ಜಾಗ

ಗಾಳಿ, ಬೆಳಕು, ಶಾಖ ಈ ಮೂರರಿಂದ ತೈಲ ಕೆಡುತ್ತದೆ. ಕೆಟ್ಟ ತೈಲದ ವಾಸನೆ ಮಾತ್ರ ಬದಲಾಗುವುದಲ್ಲ, ಅದರೊಳಗಿನ ಪರಿಮಳದ ಅಂಶಗಳಾದ ಲಿಮೊನೀನ್, ಲಿನಲೂಲ್‌ಗಳು ಗಾಳಿಯೊಡನೆ ಸೇರಿ ಬದಲಾಗಿ ಚರ್ಮಕ್ಕೆ ಅಲರ್ಜಿ ಉಂಟುಮಾಡುತ್ತವೆ. ನಿಂಬೆ, ಕಿತ್ತಳೆ, ಟೀ ಟ್ರೀ ತೈಲಗಳನ್ನು ಮುಚ್ಚಳ ತೆರೆದ ಒಂದು ವರ್ಷದೊಳಗೆ ಮುಗಿಸಿ. ಶ್ರೀಗಂಧ, ಲಾವಂಚಗಳು ಹಲವು ವರ್ಷ ಉಳಿಯುತ್ತವೆ, ಹಳೆಯದಾದಷ್ಟೂ ಅವುಗಳ ಪರಿಮಳ ಹದಕ್ಕೆ ಬರುತ್ತದೆ. ಒಲೆಯ ಮೇಲಿನ ಕಪಾಟು, ದೇವರ ಕೋಣೆಯ ಗೂಡು ಇವೆರಡೂ ತಕ್ಕ ಜಾಗಗಳಲ್ಲ. ಥರ್ಮಾಕೋಲ್ ಲೋಟದಲ್ಲಿ ನಿಂಬೆ ತೈಲ ಸುರಿದರೆ ಲೋಟವೇ ಕರಗುತ್ತದೆ. ಆದ್ದರಿಂದ ಗಾಜು ಅಥವಾ ಸ್ಟೀಲ್ ಬಿಟ್ಟು ಬೇರೆಯದರಲ್ಲಿ ಬೆರೆಸಬೇಡಿ.

ನಮ್ಮ ಮನೆಯಲ್ಲಿ ಈ ಬಾಟಲಿಗಳೆಲ್ಲ ಬೀಗವಿರುವ ಒಂದು ಉಕ್ಕಿನ ಡಬ್ಬಿಯಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ ಇರುತ್ತವೆ. ಮಗು ತೈಲ ಕುಡಿದಿದೆ ಎಂದು ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗ ತೈಲ ಶ್ವಾಸಕೋಶಕ್ಕೆ ಇಳಿದು ಹೆಚ್ಚಿನ ಹಾನಿಯಾಗುತ್ತದೆ. ಕಣ್ಣಿಗೆ ಬಿದ್ದಿದ್ದರೆ ಹರಿಯುವ ತಣ್ಣೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಎರಡರಲ್ಲಿ ಯಾವುದೇ ಆದರೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೊರಡಿ, ಹೊರಡುವಾಗ ಆ ಬಾಟಲಿಯನ್ನು ಚೀಟಿಯ ಸಮೇತ ಜೊತೆಗೆ ಒಯ್ಯಿರಿ. ಯಾವ ತೈಲ, ಎಷ್ಟು ಎಂದು ವೈದ್ಯರು ಮೊದಲು ಕೇಳುವುದು ಅದನ್ನೇ.